ಬಾಣಂತಿಯ ಬೆಲ್ಲ

ಆಗೆಲ್ಲ ನಮ್ಮ ಕಡೆ ಚಳಿಗಾಲ ಬಂದದ್ದು ಮೊದಲು ಮೂಗಿಗೆ ತಿಳಿಯುತ್ತಿತ್ತು. ಕಬ್ಬು ಕಡಿಯಲು ಶುರುವಾದ ವಾರದೊಳಗೆ ಮೇಲವಂಕಿಯ ಕಡೆಯಿಂದ ಮೂಡಲಗಿಯವರೆಗೆ ಯಾವ ದಾರಿಯಲ್ಲಿ ಹೋದರೂ ಹೊಲದ ನಡುವೆ ಒಂದೊಂದು ಗಾಣ, ಗಾಣದ ಮೇಲೊಂದು ಹೊಗೆ, ಆ ಹೊಗೆಯ ಜೊತೆ ಕುದಿಯುವ ಕಬ್ಬಿನ ಹಾಲಿನ ವಾಸನೆ. ನನ್ನ ಓರಗೆಯವರು ಆ ವಾಸನೆಯ ಬಗ್ಗೆ ಬರೆಯುವಾಗ ಬಾಯಲ್ಲಿ ನೀರೂರಿಸಿಕೊಂಡು ಬರೆಯುತ್ತಾರೆ. ಓದುವವರೂ ಹಾಗೇ ಓದುತ್ತಾರೆ. ನನಗೆ ಅದು ಸಾಧ್ಯವಿಲ್ಲ. ಬಂಗಾರದ ಬಣ್ಣದ ಬೆಲ್ಲ ಕಂಡರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗಿನ ಒಂದು ಸುಗ್ಗಿ ಅದಕ್ಕೆ ಕಾರಣ. ಯಾರನ್ನೂ ಮೆಚ್ಚಿಸಲು ಇದನ್ನು ಬರೆಯುತ್ತಿಲ್ಲ, ನನ್ನನ್ನಂತೂ ಅಲ್ಲವೇ ಅಲ್ಲ.

ನಮ್ಮದೇ ಗಾಣ ಇತ್ತು. ಊರ ಹೊರಗೆ ಹಳ್ಳದ ಬಾಜೂಕೆ, ಎರಡು ಬೇವಿನ ಮರಗಳ ನಡುವೆ. ಸಾಲಿ ಬಿಟ್ಟ ಕೂಡಲೇ ಪಾಟೀಚೀಲ ಮನೆಯ ಕಟ್ಟೆಗೆ ಒಗೆದು ಅಲ್ಲಿಗೇ ಓಡುವುದು. ಒಣಗಲು ಹಾಕಿದ ಕಬ್ಬಿನ ಸಿಪ್ಪೆಯ ಗುಡ್ಡೆಯ ಮೇಲಿನಿಂದ ಜಿಗಿಯುವುದು, ಕುಂಟಲಪಿ ಆಡುವುದು, ಕಬ್ಬಿನ ಎಲೆಯ ಮೇಲೆ ಬಿಸಿ ಪಾಕ ಹಾಕಿಸಿಕೊಂಡು ಆರುವಷ್ಟರಲ್ಲಿ ಎಳೆ ಎಳೆ ಜಗ್ಗಿ ತಿನ್ನುವುದು. ನಾಲಿಗೆ ಸುಟ್ಟುಕೊಳ್ಳದೆ ಮನೆಗೆ ಹೋದ ದಿನ ನನಗೆ ನೆನಪಿಲ್ಲ. ಗಾಣಕ್ಕೆ ಬಂದವರು ಯಾರೇ ಇರಲಿ, ಒಂದು ಚರಿಗೆ ಕಬ್ಬಿನ ಹಾಲು ಕುಡಿಯದೆ ಹೋಗಬಾರದು ಎನ್ನುವುದು ನಮ್ಮ ಅಪ್ಪನ ಕಟ್ಟಪ್ಪಣೆ. ದಾರಿಹೋಕರಿಗೂ ಅಷ್ಟೇ, ಬೇಡಲು ಬಂದವರಿಗೂ ಅಷ್ಟೇ.

ಅಪ್ಪ ಊರಲ್ಲಿ ದೊಡ್ಡ ಹೆಸರಿನ ಮನುಷ್ಯ. ದಿನಾ ಮುಂಜಾನೆ ಲಿಂಗಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಧರಿಸಿ ಹೊರಬಿದ್ದರೆ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಿದ್ದರು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಏನೇ ಬರಲಿ, "ಗೌಡ್ರು ಹೇಳಿದ್ರ ಮುಗೀತ" ಎನ್ನುತ್ತಿದ್ದರು. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಇದು ಖರೆ.

ಆದರೆ ನಮ್ಮ ಗಾಣದಲ್ಲಿ ಎರಡು ಥರದ ಬೆಲ್ಲ ಆಗುತ್ತಿತ್ತು. ಸುಗ್ಗಿಯ ಮೊದಲ ಎರಡು ಕೊಪ್ಪರಿಗೆ ಮನೆಗೆ. ಅದಕ್ಕೆ ಬೆಂಡೆ ಗಿಡ ಜಜ್ಜಿದ ಲೋಳೆ, ಒಂದು ಚಿಟಿಕೆ ಸುಣ್ಣ, ಅಷ್ಟೇ. ಆ ಬೆಲ್ಲ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕಪ್ಪಾಗಿ ಕಾಣುತ್ತಿತ್ತು, ತಿಂದರೆ ಗಂಟಲಿನ ತುದಿಯವರೆಗೆ ಕಬ್ಬಿನ ರುಚಿ. ಅದನ್ನು 'ಒಳಗಿನ ಬೆಲ್ಲ' ಎನ್ನುತ್ತಿದ್ದೆವು. ಮಿಕ್ಕದ್ದೆಲ್ಲ 'ಪ್ಯಾಟಿ ಬೆಲ್ಲ', ಗೋಕಾಕದ ಪೇಟೆಗೆ ಹೋಗುವಂಥದ್ದು. ಪೇಟೆಯವರಿಗೆ ಬಣ್ಣ ಬೇಕು, ಬಣ್ಣಕ್ಕೆ ಬಿಳಿ ಪುಡಿ ಬೇಕು. ಹಳೆಯ ಬಣ್ಣದ ಡಬ್ಬಿಯಲ್ಲಿ ಇಟ್ಟಿದ್ದ ಆ ಪುಡಿಯನ್ನು ಕುದಿಯುವ ಪಾಕಕ್ಕೆ ಹಾಕಿದರೆ ಕಡ್ಡಿಪೆಟ್ಟಿಗೆ ಗೀರಿದಂಥ ವಾಸನೆ ಏಳುತ್ತಿತ್ತು, ಪಾಕ ನೋಡನೋಡುತ್ತ ಹಳದಿಗೆ ತಿರುಗುತ್ತಿತ್ತು. ಅದೂ ಸಾಲದು ಎಂದು ತೂಕಕ್ಕೆ ಸಕ್ಕರೆ. ಅದು ಯಾವುದೋ ಗೋದಾಮಿನ ನೆಲ ಬಳಿದು ಚೀಲ ತುಂಬಿದ ಸಕ್ಕರೆ. ಅದನ್ನು ಜರಡಿ ಹಿಡಿಯುವ ಕೆಲಸ ನನಗೆ ಮತ್ತು ಅಣ್ಣನಿಗೆ. ಗೋಣಿಯ ಎಳೆ, ಸತ್ತ ಇರುವೆ, ಬೀಡಿಯ ತುಂಡು, ಇಲಿಯ ಹಿಕ್ಕೆ, ಎಲ್ಲ ಮೇಲೆ ಉಳಿಯುತ್ತಿದ್ದವು. ಕೆಳಗೆ ಬಿದ್ದದ್ದು ಕೊಪ್ಪರಿಗೆಗೆ ಹೋಗುತ್ತಿತ್ತು. ಹಿಕ್ಕೆ ಒಡೆದು ಪುಡಿಯಾಗಿದ್ದರೆ ಅದೂ ಕೆಳಗೇ ಬೀಳುತ್ತಿತ್ತು. ನಾವು ನಕ್ಕು ಜರಡಿ ಅಲ್ಲಾಡಿಸುತ್ತಿದ್ದೆವು. ನಾವು ತಿನ್ನುವುದು ಒಳಗಿನ ಬೆಲ್ಲ, ಎಲೆಯ ಮೇಲಿನ ಪಾಕವನ್ನೂ ಪುಡಿ, ಸಕ್ಕರೆ ಬೀಳುವ ಮೊದಲೇ ಹಾಕಿಸಿಕೊಳ್ಳುತ್ತಿದ್ದೆವು, ನಮಗೇನು.

ಆ ವರ್ಷ ನಮ್ಮೂರ ಹೈಸ್ಕೂಲಿಗೆ ಹೊಸ ಇಂಗ್ಲಿಷ್ ಮಾಸ್ತರರು ಬಂದಿದ್ದರು. ದಪ್ಪ ಕನ್ನಡಕ, ಇಸ್ತ್ರಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಚೆನ್ನಾಗಿ ಕಲಿಸುತ್ತಿದ್ದರು, ಆ ಮಾತಿನಲ್ಲಿ ಮೋಸವಿಲ್ಲ. ಒಂದು ದಿನ ಹಲಗೆಯ ಮೇಲೆ ಐದು ಶಬ್ದ ಬರೆದರು: ಆನೆಸ್ಟ್, ಕ್ಯಾಂಡಿಡ್, ಅಪ್‌ರೈಟ್, ಆನರೆಬಲ್, ಸ್ಕ್ರುಪ್ಯುಲಸ್.

"ನಾವು ಎಲ್ಲಾದಕ್ಕೂ ಪ್ರಾಮಾಣಿಕ ಅಂತೀವಿ, ಕೈ ತೊಳಕೋತೀವಿ" ಎಂದರು. "ಇಂಗ್ಲಿಷಿನವರು ಹಂಗಲ್ಲ. ಒಂದೊಂದಕ್ಕೂ ಬ್ಯಾರೆ ಬ್ಯಾರೆ ಅಳತಿ ತಗದಾರ."

ಆಮೇಲೆ ಒಂದೊಂದನ್ನೇ ಬಿಡಿಸಿದರು. ಸುಳ್ಳು ಹೇಳದವನು ಆನೆಸ್ಟ್. ಯಾರೂ ಕೇಳದಿದ್ದರೂ ಇದ್ದದ್ದನ್ನು ಇದ್ದಂತೆ ಹೇಳುವವನು ಕ್ಯಾಂಡಿಡ್. ಹೆದರಿಸಿದರೂ ಬಗ್ಗದೆ ನ್ಯಾಯದ ಕಡೆ ನಿಲ್ಲುವವನು ಅಪ್‌ರೈಟ್. ತನ್ನ ಹೆಸರಿಗೆ, ಕೊಟ್ಟ ಮಾತಿಗೆ ಕುಂದು ಬರದಂತೆ ನಡೆಯುವವನು ಆನರೆಬಲ್. ಕೊನೆಯ ಶಬ್ದಕ್ಕೆ ಬಂದಾಗ ತಮ್ಮ ಒಂದು ಚಪ್ಪಲಿ ಬಿಚ್ಚಿ ಮೇಜಿನ ಮೇಲಿಟ್ಟರು. ನಾವೆಲ್ಲ ಕಿಸಕ್ಕೆಂದೆವು.

"ಚಪ್ಪಲಿಯೊಳಗ ಒಂದ ಸಣ್ಣ ಹರಳ ಸೇರೇತಿ ಅಂತ ತಿಳಕೋರಿ. ಒಬ್ಬಾಂವ ಇರಲಿ ಬಿಡ ಅಂತ ನಡೀತಾನ. ಇನ್ನೊಬ್ಬಾಂವಗ ಆ ಹರಳ ತಗಿಯೂಮಟ ಮುಂದ ಹೆಜ್ಜಿ ಕಿತ್ತಾಕ ಆಗಂಗಿಲ್ಲ. ಅಂಥಾಂವ ಸ್ಕ್ರುಪ್ಯುಲಸ್. ಮನಸ್ಸಿನ್ಯಾಗ ಒಂದ ಹರಳ ಚುಚ್ಚಿದ್ರೂ ನಿಂದರತಾನ."

ನಾನು ಕೈ ಎತ್ತಿದೆ. "ಐದೂ ಇದ್ದಾಂವ ಯಾರರೆ ಇರತಾರೇನ್ರಿ ಸರ್?"

"ಇದ್ದರ ನಿಮ್ಮ ಅಪ್ಪಾರ ನೋಡವಾ" ಎಂದರು.

ಇಡೀ ವರ್ಗ ನನ್ನ ಕಡೆ ತಿರುಗಿತು. ನನಗೆ ಕುಳಿತಲ್ಲೇ ಒಂದು ಗೇಣು ಬೆಳೆದಂತಾಯಿತು. ಅವರ ಬಾಡಿಗೆ ಮನೆಗೆ ಅದೇ ವಾರ ನಮ್ಮಲ್ಲಿಂದ ಬೆಲ್ಲದ ಒಂದು ಪೆಂಟೆ, ಇಡೀ ಅಚ್ಚು, ಹೋಗಿತ್ತು ಎನ್ನುವುದು ಆಗ ನನ್ನ ತಲೆಗೆ ಬರಲಿಲ್ಲ. ಪ್ರತಿ ಶಬ್ದಕ್ಕೂ ನಿಮ್ಮ ಊರಿನ ಒಬ್ಬರನ್ನು ಹುಡುಕಿ, ಯಾಕೆ ಎಂದು ಬರೆದುಕೊಂಡು ಬನ್ನಿ ಎಂದು ಮಾಸ್ತರರು ಮನೆಗೆಲಸ ಕೊಟ್ಟರು.

ಆ ಮನೆಗೆಲಸ ಇನ್ನೂ ಅರ್ಧವಾಗಿದ್ದಾಗಲೇ ಹಸೀನಾ ಚಾಚಿ ಗಾಣಕ್ಕೆ ಬಂದಳು. ಚಾಚಿ ನಮ್ಮೂರ ಬಳೆಗಾರಗಿತ್ತಿ. ನಮ್ಮ ಓಣಿಯ ಯಾವ ಹೆಣ್ಣಿನ ಕೈಯನ್ನಾದರೂ ಕಣ್ಣು ಮುಚ್ಚಿ ಹಿಡಿದು ಅಳತೆ ಹೇಳುವವಳು. ನನಗೆ ಬಳೆ ಇಡಿಸುವಾಗ ನೋವಾಗದಿರಲೆಂದು ಕೈಗೆ ಎಣ್ಣೆ ಹಚ್ಚಿ, ಒತ್ತುತ್ತ ಒತ್ತುತ್ತ ಏನೋ ಕಥೆ ಹೇಳಿ, ಕಥೆ ಮುಗಿಯುವುದರೊಳಗೆ ಡಜನ್ ಬಳೆ ಏರಿಸಿಬಿಡುತ್ತಿದ್ದಳು. ಹುಕ್ಕೇರಿಗೆ ಕೊಟ್ಟಿದ್ದ ಅವಳ ಮಗಳು ಶಮಶಾದ್ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿ ನಾಲ್ಕು ದಿನವಾಗಿತ್ತು.

"ಗೌಡ್ರ, ಬಾಣತಿಗೆ ಅಂಟಿನುಂಡಿ ಕಟ್ಟಬೇಕರಿ. ಚಲೋ ಬೆಲ್ಲ ಬೇಕಾಗಿತ್ತ."

ನಮ್ಮ ಕಡೆ ಗಾಣದವರು ಬಾಣಂತಿಯ ಬೆಲ್ಲಕ್ಕೆ ರೊಕ್ಕ ಮುಟ್ಟುವುದಿಲ್ಲ. ಆ ಬೆಲ್ಲದಿಂದ ಕಟ್ಟಿದ ಉಂಡೆಯನ್ನು ಬಾಣಂತಿಯ ಮನೆಯವರು ಕೊಟ್ಟವರ ಮನೆಗೆ ತಂದು ಬಾಯಿ ಸಿಹಿ ಮಾಡಿಸಬೇಕು. ಹೀಗೆ ಮೊದಲಿಂದ ನಡೆದು ಬಂದಿತ್ತು.

"ಕೇಳಾಕ ಬರಬೇಕೇನ ನೀ? ಹೇಳಿ ಕಳಿಸಿದ್ದರ ಮನೀಗೆ ಮುಟ್ಟತಿತ್ತಲ್ಲ" ಎಂದ ಅಪ್ಪ, ಆಗಷ್ಟೇ ಆರಿದ ಪ್ಯಾಟಿ ಬೆಲ್ಲದ ಎರಡು ಪೆಂಟೆಗಳನ್ನು ತಾನೇ ಎತ್ತಿ ಅವಳ ಬುಟ್ಟಿಯಲ್ಲಿಟ್ಟ. "ನಮ್ಮ ಗಾಣದ್ದ. ಬಣ್ಣ ನೋಡ."

"ಬಂಗಾರ ಐತ್ರಿ ಬಂಗಾರ" ಎಂದು ಚಾಚಿ ಪೆಂಟೆಯನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡಳು. ನನ್ನ ಗಲ್ಲ ಹಿಂಡಿ, "ನಿನಗೂ ಉಂಡಿ ತರತೇನಿ ಬೇಟಾ" ಎಂದು ಬುಟ್ಟಿ ಹೊತ್ತು ಹೋದಳು. ನಾನು ಜರಡಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಆ ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವ ಸುದ್ದಿ ಕೇಳಿ ಕೈ ನಿಲ್ಲಿಸಿದಳು. "ಹಸೀ ಬಾಣತಿ ಅದಾಳ. ಒಳಗಿನ ಬೆಲ್ಲ ಕೊಡಬೇಕಿಲ್ಲೇನ?"

"ಒಳಗಿಂದ ಕರ್ರಗ ಐತಿ" ಎಂದ ಅಪ್ಪ. "ಅದನ್ನ ಕೊಟ್ಟರ ಗೌಡ್ರು ಕರೇ ಬೆಲ್ಲ ದಾನಾ ಮಾಡ್ಯಾರ ಅಂತ ಓಣಿತುಂಬ ಆಗತೈತಿ. ಹೆಸರ ನೋಡಬೇಕೋ ಬ್ಯಾಡೋ?"

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ನನಗೆ ಅಂದು ಮೊದಲ ಸಲ ಆ ಐದು ಶಬ್ದಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿಲ್ಲ ಎಂದು ತಿಳಿಯಿತು. ಅಪ್ಪ ಸುಳ್ಳು ಹೇಳಿರಲಿಲ್ಲ, ಬೆಲ್ಲ ನಮ್ಮ ಗಾಣದ್ದೇ. ಹೆಸರಿಗೂ ಕುಂದು ತಂದುಕೊಂಡಿರಲಿಲ್ಲ. ಆನೆಸ್ಟ್ ಹೌದು, ಆನರೆಬಲ್ ಹೌದು. ಆನರೆಬಲ್ ಆಗಿ ಉಳಿಯಲೆಂದೇ ಆ ಬೆಲ್ಲ ಕೊಟ್ಟಿದ್ದ. ನಾನು ಪಟ್ಟಿಯಲ್ಲಿ ಆ ಎರಡು ಶಬ್ದಗಳ ಮುಂದೆ ಅಪ್ಪನ ಹೆಸರು ಬರೆದು, ಉಳಿದ ಮೂರನ್ನು ಖಾಲಿ ಬಿಟ್ಟೆ. ಮಾಸ್ತರರು ಖಾಲಿ ಜಾಗ ನೋಡಿ, "ಇಲ್ಲೂ ಅಪ್ಪನ ಹೆಸರೇ ಬರಿ" ಎಂದು ತಾವೇ ಕೆಂಪು ಪೆನ್ನಿನಿಂದ ಮೂರು ಸಲ ಬರೆದರು.

ಎಂಟು ದಿನಕ್ಕೆ ಚಾಚಿ ಉಂಡೆ ತಂದಳು. ಮಧ್ಯಾಹ್ನದ ಹೊತ್ತು. ಥಳಥಳ ಹೊಳೆಯುವ ಸ್ಟೀಲಿನ ಡಬ್ಬಿ, ಮೇಲೆ ತೊಳೆದ ಬಿಳಿ ಬಟ್ಟೆ. ಪಡಸಾಲೆಯ ಅಂಚಿನಲ್ಲಿ ಕುಳಿತು ಬಟ್ಟೆ ಸರಿಸಿದಳು. ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಅಳವಿ, ತುಪ್ಪದಲ್ಲಿ ಹುರಿದು ಅರಳಿಸಿದ ಅಂಟು. ಆ ಎಲ್ಲ ಪರಿಮಳದ ಅಡಿಯಿಂದ ಕಡ್ಡಿಪೆಟ್ಟಿಗೆಯ ವಾಸನೆ ತೆಳ್ಳಗೆ ಬಂತು. ಗೊತ್ತಿದ್ದವರಿಗೆ ಮಾತ್ರ ಹತ್ತುವಂಥದ್ದು.

"ಹುಡುಗ್ರಿಗೆ ಕೊಡ್ರಿ ಅಕ್ಕಾರ, ನಿಮ್ಮದ ಬೆಲ್ಲದ್ದ" ಎಂದಳು.

ಅವ್ವ ನಗುತ್ತಲೇ ಡಬ್ಬಿ ತೆಗೆದುಕೊಂಡಳು. ಅಣ್ಣ ಕೈ ಚಾಚಿದ. ಅವ್ವ ಕಣ್ಣಲ್ಲೇ ಗದರಿಸಿದಳು, ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಇವತ್ತ ಸೋಮವಾರ ಅಲ್ಲಾ. ಒಪ್ಪತ್ತ ಐತಿ ನಮ್ಮದೆಲ್ಲಾರ್ದೂ."

"ಹುಡುಗ್ರದೂ ಒಪ್ಪತ್ತರಿ?"

ಅವ್ವ ಡಬ್ಬಿಯ ಮೇಲೆ ಬಟ್ಟೆ ಎಳೆದಳು. ಅಣ್ಣನ ಗಲ್ಲಕ್ಕೆ ಅರ್ಧ ತಾಸಿನ ಹಿಂದೆ ಉಂಡ ಅನ್ನದ ಅಗುಳು ಅಂಟಿಕೊಂಡಿತ್ತು. ಚಾಚಿ ಅದನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಮೆಲ್ಲಗೆ ಹೇಳಿದಳು.

"ಹೊಸಾ ಬೋಗಾಣಿ ತಂದ ಮಾಡೇನ್ರಿ ಅಕ್ಕಾರ. ಡಬ್ಬಿನೂ ಹೊಸಾದ. ನಿಮ್ಮ ಮನೀಗೆ ಕೊಡೂದೈತಿ ಅಂತ ಎಂಟ ದಿನದಿಂದ ನಮ್ಮ ಮನ್ಯಾಗ ತತ್ತಿ ಸುದ್ದಾ ಒಡದಿಲ್ಲ."

"ಹಂಗೇನಿಲ್ಲ ಹಸೀನಾ. ನಾಳೆ ತಿಂತೇವಿ, ಇಡ."

ಹಂಗೇನಿಲ್ಲ ಎನ್ನುವ ಆ ಮಾತು ಅವ್ವನ ಬಾಯಿಂದ ಹೇಗೆ ಬಂತೆಂದರೆ, ಹಂಗೇ ಐತಿ ಎಂದು ಯಾರಿಗಾದರೂ ಅನ್ನಿಸಬೇಕು. ಅನ್ನಿಸಲಿ ಎಂದೇ ಬಿಟ್ಟಳೋ ಏನೋ. ಬೆಲ್ಲದ ಗುಟ್ಟು ಉಳಿಯಬೇಕೆಂದರೆ ತಿನ್ನದ ಕಾರಣ ಅವಳ ಕೈಯ ಮೇಲೆ, ಮಡಿಯ ಮೇಲೆ, ಜಾತಿಯ ಮೇಲೆ ಹೋಗಲಿ. ಚಾಚಿ ಮಾತು ತಿರುಗಿಸಲೆಂದು ಮಗಳ ಸುದ್ದಿ ತೆಗೆದಳು. ದಿನಾ ಮುಂಜಾನೆ ಎರಡು ಉಂಡೆ ತಿನ್ನಿಸುತ್ತೇನೆ, ಆದರೆ ಶಮಶಾದ್ ಒಲ್ಲೆ ಅನ್ನುತ್ತಾಳೆ, ಏನೋ ವಾಸನೆ ಅನ್ನುತ್ತಾಳೆ ಎಂದಳು. "ಗೌಡ್ರ ಗಾಣದ ಬೆಲ್ಲಕ್ಕ ಹೆಸರ ಇಡತಿ ಅಂತ ಬೈದ ತಿನಸ್ತೇನ್ರಿ. ನಲವತ್ತ ದಿನಾ ತಿನ್ನಬೇಕಲ್ಲ." ಆಮೇಲೆ ಎದ್ದು ಹೋದಳು. ಹೋಗುವಾಗ ನನ್ನ ಗಲ್ಲ ಮುಟ್ಟಲಿಲ್ಲ.

ಅವಳು ಓಣಿಯ ತಿರುವು ದಾಟಿದ ಮೇಲೆ ಅವ್ವ ಡಬ್ಬಿಯನ್ನು ಎಮ್ಮೆಯ ಬಾನಿಯಲ್ಲಿ ಸುರಿದಳು. ಎಮ್ಮೆ ಒಂದು ಸಲ ಮೂಸಿ, ಎಲ್ಲವನ್ನೂ ತಿಂದು ಬಾನಿ ನೆಕ್ಕಿತು.

ಸಂಜೆ ಅಪ್ಪ ಬಂದಾಗ ನಾನು ಹೇಳಿಯೇ ಬಿಟ್ಟೆ. "ಅಪ್ಪಾ, ಚಾಚಿ ತಪ್ಪ ತಿಳಕೊಂಡ್ಲ. ನಾವು ಅವರ ಕೈಯಾಂದ ತಿನ್ನಂಗಿಲ್ಲ ಅಂತ ತಿಳಕೊಂಡ್ಲ. ಬೆಲ್ಲದ್ದ ಹೇಳಿಬಿಡ. ಶಮಶಾದಕ್ಕ ದಿನಾ ತಿನ್ನಾಕತ್ತಾಳ."

ಅಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. "ತಿಳಕೊಳ್ಳಲಿ ಬಿಡ. ಅದೇನ ಆಕಿಗೆ ಹೊಸಾದಲ್ಲ."

ಇಷ್ಟು ವರ್ಷಗಳಲ್ಲಿ ಎಷ್ಟೋ ಹೊಲಸು ಮಾತು ಕೇಳಿದ್ದೇನೆ, ಬೀದಿ ಜಗಳದಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ. ವಿಭೂತಿ ಹಚ್ಚಿದ ಹಣೆಯ ಕೆಳಗಿನ ಬಾಯಿಂದ ಅಷ್ಟು ಶಾಂತವಾಗಿ ಬಂದ ಆ ಮಾತಿನಷ್ಟು ಹೊಲಸು ಇನ್ನೊಂದಿಲ್ಲ. ಕಲ್ಯಾಣದ ಶರಣರು ಜಾತಿ ಮುರಿದರು ಎಂದು ಪ್ರತಿ ವರ್ಷ ಜಯಂತಿಯ ದಿನ ಕಟ್ಟೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದವನು ಇದೇ ಅಪ್ಪ.

ಮರುದಿನ ನಾನು ಇಂಗ್ಲಿಷ್ ಮಾಸ್ತರರ ಹತ್ತಿರ ಹೋದೆ. ನನಗೆ ಆ ಶಬ್ದಗಳನ್ನು ಕೊಟ್ಟವರು ಅವರು, ಏನಾದರೂ ಮಾಡುತ್ತಾರೆ ಎಂದುಕೊಂಡೆ. ಹೆಸರು ಹೇಳದೆ ಕೇಳಿದೆ: ಒಬ್ಬರು ಕೆಟ್ಟ ಬೆಲ್ಲ ಕೊಟ್ಟಾರ, ಸುಳ್ಳೇನೂ ಹೇಳಿಲ್ಲ, ಆದರ ಖರೇನೂ ಹೇಳಿಲ್ಲ, ತಗೊಂಡಾಕಿ ಬಾಣತಿಗೆ ತಿನ್ನಸಾಕತ್ತಾಳ, ಇದಕ್ಕ ಯಾವ ಶಬ್ದರಿ ಸರ್?

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಯಾರ ಮಾತೆಂದು ಅವರಿಗೆ ಗೊತ್ತಾಗಿತ್ತು. ನಮ್ಮೂರಲ್ಲಿ ಗಾಣ ಇದ್ದದ್ದೇ ನಮ್ಮದೊಂದು.

"ಇನ್ನೊಂದ ಶಬ್ದ ಐತಿ ನೋಡವಾ. ಡಿಸ್ಕ್ರೀಟ್. ಯಾವ ಮಾತ ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಅಂತ ತಿಳದಾಂವ. ಅದೂ ದೊಡ್ಡ ಗುಣ."

"ಹಂಗಾದ್ರ ಬಾಣತಿ, ಸರ್?"

"ಅದ ನಿನ್ನ ಪರೀಕ್ಷೆಗೆ ಬರಂಗಿಲ್ಲ. ಹೋಗ, ಪಾಠಾ ಓದ."

ಚಪ್ಪಲಿ ಬಿಚ್ಚಿ ಮೇಜಿನ ಮೇಲಿಟ್ಟು ಕಲಿಸಿದವರು. ಆ ದಿನದಿಂದ ಅವರ ಪಾಠದಲ್ಲಿ ನಾನು ಕೈ ಎತ್ತಲಿಲ್ಲ. ಆದರೆ ಅವರನ್ನಷ್ಟೇ ಬೈದು ನಾನು ಬಚಾವಾಗಲಾರೆ. ಅಲ್ಲಿಂದ ಚಾಚಿಯ ಮನೆಗೆ ಹೋಗಲು ನನಗೆ ಮತ್ತೆ ನಾಲ್ಕು ದಿನ ಹಿಡಿಯಿತು. ಅಪ್ಪನ ಭಯ ಒಂದು ಕಾರಣ, ಅಪ್ಪನ ಹೆಸರಿನ ಮೇಲಿನ ಆಸೆ ಇನ್ನೊಂದು. ಗೌಡರ ಮಗಳು ಎಂದು ಜನ ದಾರಿ ಬಿಡುವುದು ನನಗೂ ಇಷ್ಟವಾಗುತ್ತಿತ್ತು. ಆ ನಾಲ್ಕು ದಿನ ಮುಂಜಾನೆ ಎದ್ದ ಕೂಡಲೇ, ಈಗ ಎರಡು ತಿಂದಿರುತ್ತಾಳೆ ಎಂದು ನೆನೆಯುತ್ತಿದ್ದೆ. ನೆನೆದು ಎದ್ದು, ಬಿಸಿ ರೊಟ್ಟಿಗೆ ಒಳಗಿನ ಬೆಲ್ಲ, ತುಪ್ಪ ಹಚ್ಚಿಕೊಂಡು ತಿನ್ನುತ್ತಿದ್ದೆ.

ಐದನೆಯ ದಿನ ಹೋದೆ. ಚಾಚಿಯ ಮನೆ ಒಂದೇ ಅಂಕಣ. ಒಂದು ಮೂಲೆಯಲ್ಲಿ ಬಳೆಯ ಪೆಟ್ಟಿಗೆಗಳು, ಇನ್ನೊಂದು ಮೂಲೆಯಲ್ಲಿ ಹೊರಸಿನ ಮೇಲೆ ಶಮಶಾದ್, ಪಕ್ಕದಲ್ಲಿ ಕೂಸು. ಕೆಂಡದ ಮೇಲೆ ಹಾಕಿದ ಅಜವಾನದ ಹೊಗೆ ತುಂಬಿತ್ತು. ನಾನು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಪುಡಿ, ನೆಲ ಬಳಿದ ಸಕ್ಕರೆ, ಒಳಗಿನ ಬೆಲ್ಲ, ಪ್ಯಾಟಿ ಬೆಲ್ಲ. ನಿಮ್ಮ ಕೈಯಾಂದ ಅಂತ ಅಲ್ಲ ಚಾಚಿ, ನಮ್ಮ ಬೆಲ್ಲಕ್ಕ ಹೇಸಿ ನಾವು ತಿನ್ನಲಿಲ್ಲ ಎಂದೆ.

ಚಾಚಿ ಬಳೆ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟಳು. "ನಿಮ್ಮವ್ವ ಕಳಿಸ್ಯಾರೇನ, ಹಿಂಗ ಹೇಳಿ ಬಾ ಅಂತ?"

"ಇಲ್ಲ. ನಾನ ಬಂದೇನಿ."

"ನನ್ನ ಮನಸ್ಸಿಗೆ ಕೆಟ್ಟ ಅನಸಬಾರದಂತ ಬಂದಿ. ಒಳ್ಳೇ ಹುಡುಗಿ ನೀ. ಆದ್ರ ಅದಕ್ಕಂತ ಅಪ್ಪನ ಮ್ಯಾಲ ಸುಳ್ಳ ಹೇಳಬಾರದ ಬೇಟಾ. ಮೂವತ್ತ ವರ್ಷ ಆತ ನಾ ಗೌಡ್ರನ ನೋಡಾಕತ್ತ. ಒಂದ ಸುಳ್ಳ ಅವರ ಬಾಯಾಗ ಬಂದಿಲ್ಲ."

"ಖರೇ ಹೇಳಾಕತ್ತೇನಿ ಚಾಚಿ."

ಅವಳು ಎದ್ದು ನೆಲುವಿನ ಮೇಲಿದ್ದ ಡಬ್ಬಿ ಇಳಿಸಿ, ಒಂದು ಉಂಡೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಒಮ್ಮೆಯಾದರೂ ಖಾತ್ರಿ ಮಾಡಿಕೊಳ್ಳಬೇಕು ಎನ್ನುವ ಆಸೆ ಇತ್ತು. "ಹಂಗಾದ್ರ ಇದನ್ನ ತಿನ್ನ. ಬೆಲ್ಲ ಹೊಲಸಿದ್ರೂ ಒಂದ ತಿಂದ್ರ ಏನೂ ಆಗಂಗಿಲ್ಲ, ನನ್ನ ಮಗಳ ದಿನಾ ಎರಡ ತಿಂತಾಳ. ನಮ್ಮ ಕೈಗೆ ನಿನಗ ಹೇಸಿಗಿ ಇಲ್ಲಂದ್ರ ತಿನ್ನ. ನೀ ತಿಂದ್ರ ನೀ ಹೇಳಿದ್ದೆಲ್ಲಾ ಖರೆ ಅಂತೇನಿ, ಇವತ್ತ ಈ ಡಬ್ಬಿ ತಿಪ್ಪಿಗೆ ಚಲ್ಲತೇನಿ."

ಒಂದು ಉಂಡೆ. ಅಷ್ಟೇ ಕೇಳಿದ್ದು. ಹೊರಸಿನ ಮೇಲಿಂದ ಶಮಶಾದ್ ನನ್ನನ್ನೇ ನೋಡುತ್ತಿದ್ದಳು. ನಾನು ತಿಂದುಬಿಟ್ಟರೆ ಸಾಕು ಎನ್ನುವುದು ಅವಳ ಕಣ್ಣಲ್ಲಿ ಕಾಣುತ್ತಿತ್ತು.

ನಾನು ಉಂಡೆಯನ್ನು ಬಾಯಿಯವರೆಗೆ ತಂದೆ. ತುಪ್ಪದ ಅಡಿಯಿಂದ ಆ ವಾಸನೆ ಬಂತು. ಜರಡಿಯ ಮೇಲೆ ಉರುಳಾಡುತ್ತಿದ್ದ ಹಿಕ್ಕೆಗಳು, ಬೀಡಿಯ ತುಂಡುಗಳು ಕಣ್ಣಿಗೆ ಕಟ್ಟಿದವು. ಹಲ್ಲು ತಾಕಿಸಿದೆ. ಬಾಗಿಲ ಹೊರಗೆ ಓಡಿ ಕಟ್ಟೆಯ ಕೆಳಗೆ ವಾಂತಿ ಮಾಡಿಕೊಂಡೆ.

ಚಾಚಿ ಹಿಂದೆಯೇ ಬಂದು ನನ್ನ ಹಣೆ ಹಿಡಿದುಕೊಂಡಳು. ನಾನು ಸುಮ್ಮನಾದ ಮೇಲೆ ನೀರು ತರಲು ಒಳಗೆ ತಿರುಗಿದವಳು, ಏನೋ ನೆನಪಾದಂತೆ ನಿಂತಳು. ನೀರು ತರಲಿಲ್ಲ. ತನ್ನ ಸೆರಗನ್ನು ನನ್ನ ಬಾಯಿಯವರೆಗೆ ತಂದವಳು ಅದನ್ನೂ ಹಿಂದಕ್ಕೆ ತೆಗೆದುಕೊಂಡಳು.

"ಹೋಗವಾ, ಮನೀಗೆ ಹೋಗಿ ಬಾಯಿ ತೊಳಕೋ" ಎಂದಳು. "ಇಲ್ಲಿ ಬಂದಿದ್ದೆ ಅಂತ ಯಾರ ಮುಂದೂ ಅನಬ್ಯಾಡ, ಬೈತಾರ ನಿನಗ." ಬೇಟಾ ಎನ್ನಲಿಲ್ಲ.

ಶಮಶಾದ್‌ಗೆ ಅವಳು ನಲವತ್ತು ದಿನವೂ ಆ ಉಂಡೆ ತಿನ್ನಿಸಿದಳು. ದೊಡ್ಡ ಅನಾಹುತವೇನೂ ಆಗಲಿಲ್ಲ, ಕೂಸೂ ಬೆಳೆಯಿತು. ಆಗಲಿಲ್ಲ ಎನ್ನುವುದನ್ನೇ ಹಿಡಿದುಕೊಂಡು ನಮ್ಮ ಮನೆಯವರು ನೆಮ್ಮದಿಯಿಂದ ಇದ್ದರು. ಚಾಚಿ ಮುಂದೆಯೂ ನಮ್ಮ ಓಣಿಗೆ ಬರುತ್ತಿದ್ದಳು, ನಮಗೆ ಬಳೆ ಇಡಿಸುತ್ತಿದ್ದಳು, ಅಪ್ಪನನ್ನು ಕಂಡರೆ ಸೆರಗು ಹೊದ್ದು ನಮಸ್ಕಾರ ಮಾಡುತ್ತಿದ್ದಳು. ನನ್ನ ಕೈ ಹಿಡಿದರೆ ಮಾತ್ರ ಬೇಗ ಬೇಗ ಏರಿಸಿ ಮುಗಿಸುತ್ತಿದ್ದಳು. ಕಥೆ ಹೇಳುತ್ತಿರಲಿಲ್ಲ.

ಈಗ ನಾನು ಗೋಕಾಕದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಆ ಐದು ಶಬ್ದಗಳು ಪ್ರತಿ ವರ್ಷ ಬರುತ್ತವೆ. ಅರ್ಥ ಹೇಳುತ್ತೇನೆ, ಊರಿನವರ ಉದಾಹರಣೆ ಕೇಳುವುದಿಲ್ಲ. ಬೆಲ್ಲದ ಕೆಲಸವನ್ನು ಅಣ್ಣನ ಮಗ ನೋಡಿಕೊಳ್ಳುತ್ತಾನೆ. ಪ್ಯಾಕೆಟ್ಟಿನ ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಪ್ಯೂರ್, ಆನೆಸ್ಟ್, ನ್ಯಾಚುರಲ್. ಬಣ್ಣಕ್ಕೆ ಈಗ ಬೇರೆ ಏನೋ ಹಾಕುತ್ತಾರೆ. ಹೋದ ಸುಗ್ಗಿಯಲ್ಲಿ, ಮನೆಗೆ ಬೇರೆ ಮಾಡುತ್ತೀರೇನು ಎಂದು ಕೇಳಿದೆ. "ಯಾಕ ಅತ್ಯಾ? ನಾವೂ ಇದನ್ನ ತಿಂತೇವಿ" ಎಂದ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಒಳಗಿನ ಬೆಲ್ಲದ ರುಚಿ ನೋಡಿದವರು ಆ ಮನೆಯಲ್ಲಿ ಅಣ್ಣನೊಬ್ಬನೇ ಉಳಿದಿದ್ದಾನೆ, ಅವನಿಗೆ ಸಕ್ಕರೆ ಕಾಯಿಲೆ. ಯಾವುದು ಹೊಲಸು ಎಂದು ತಿಳಿದು ಪಕ್ಕಕ್ಕೆ ಇಡುವಷ್ಟು ನಾಚಿಕೆ ಅಪ್ಪನ ಕಾಲಕ್ಕಾದರೂ ಇತ್ತು. ಅದನ್ನು ನಾಚಿಕೆ ಎಂದು ಕರೆಯಬೇಕಾಗಿ ಬಂದದ್ದಕ್ಕೂ ನನಗೆ ಹೇಸಿಗೆಯೇ.

ಎರಡು ವರ್ಷದ ಹಿಂದೆ ಹಸೀನಾ ಚಾಚಿ ತೀರಿಕೊಂಡ ಸುದ್ದಿ ಬಂತು. ಕೊನೆಗಾಲದಲ್ಲಿ ಹುಕ್ಕೇರಿಯಲ್ಲಿ ಮಗಳ ಮನೆಯಲ್ಲೇ ಇದ್ದಳು. ವಾರದ ಮೇಲೆ ಮಾತಾಡಿಸಲು ಹೋದೆ. ಶಮಶಾದಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದು ಅತ್ತಳು, ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ತಾನು ಮುಖ ತೊಳೆಯಲು ಒಳಗೆ ಹೋದಳು. ಆಗಿನ ಆ ಕೂಸು ಈಗ ಎರಡು ಮಕ್ಕಳ ತಾಯಿ. ಅವಳು ಒಂದು ತಾಟಿನಲ್ಲಿ ಶಂಕರಪಾಳೆ, ಚೂಡಾ ಹಾಕಿಕೊಂಡು ಬಂದು ನನ್ನ ಮುಂದಿಟ್ಟಳು. ಈ ಸಲ ತಿನ್ನುತ್ತೇನೆ, ತಿಂದೇ ಮಾತಾಡುತ್ತೇನೆ ಎಂದು ಬಸ್ಸಿನಲ್ಲಿ ಕುಳಿತಾಗಲೇ ಅಂದುಕೊಂಡು ಬಂದಿದ್ದೆ.

"ಅವರ ಮುಂದ ಅದನ್ನ ಇಡಬ್ಯಾಡ ಬೇಟಾ" ಎಂದು ಒಳಗಿನಿಂದ ಶಮಶಾದಕ್ಕನ ದನಿ ಬಂತು. ಅದರಲ್ಲಿ ನೋವಿರಲಿಲ್ಲ, ಮನೆಗೆ ಬಂದವರಿಗೆ ಸಂಕೋಚವಾಗಬಾರದು ಎನ್ನುವ ಕಾಳಜಿಯಷ್ಟೇ ಇತ್ತು. "ಅವರು ನಮ್ಮ ಕೈಯಾಂದ ತಿನ್ನಂಗಿಲ್ಲ. ಅಂಗಡಿಗೆ ಹೋಗಿ ಬಿಸ್ಕೂಟಿನ ಪುಡಾ ತಗೊಂಬಾ, ಒಡೀಬ್ಯಾಡ, ಹಂಗ ಕೊಡ."

ನಾನು ಕೈ ಚಾಚುವಷ್ಟರಲ್ಲಿ ಆ ಹುಡುಗಿ, ತಪ್ಪಾಯಿತು ಎನ್ನುವ ಮುಖ ಮಾಡಿ, ತಾಟು ಎತ್ತಿಕೊಂಡು ಒಳಗೆ ಹೋಗಿದ್ದಳು.